ಕಿಸೆ ನೋಡುವವರು, ಬೀಗ ಕಾಯುವವರು

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು. ಒಂದರಿಂದ ಎಂಟನೇ ತರಗತಿವರೆಗೆ ಪಾಠ ಹೇಳುವ ಮೇಷ್ಟ್ರುಗಳಿಗೆ ನಿವೃತ್ತಿಗೆ ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಎರಡು ವರ್ಷದೊಳಗೆ ಟೆಟ್ ಪಾಸಾಗಬೇಕು ಅಂತ. ಐದು ವರ್ಷಕ್ಕಿಂತ ಕಡಿಮೆ ಉಳಿದವರು ನೌಕರಿಯಲ್ಲಿ ಇರಬಹುದು, ಆದರೆ ಟೆಟ್ ಇಲ್ಲದೆ ಬಡ್ತಿ ಇಲ್ಲ. ನನಗೆ ಉಳಿದಿರುವುದು ಐದಲ್ಲ, ಅದಕ್ಕಿಂತ ಬಹಳ ಹೆಚ್ಚು. ಟಿಸಿಎಚ್ ಮುಗಿಸಿ, ಆಮೇಲೆ ಬಿಎ ಕಟ್ಟಿ ಮುಗಿಸಿ, ಇಪ್ಪತ್ತು ವರ್ಷಕ್ಕೂ ಮೇಲೆ ಪಾಠ ಹೇಳಿದ ಮೇಲೆ ಈಗ ನಾನೂ ಹಾಲ್ ಟಿಕೆಟ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು.

ಈ ಸುದ್ದಿ ಸ್ಟಾಫ್ ರೂಮಿನಿಂದ ತರಗತಿಗೆ ಹೋಗಲು ಒಂದು ದಿನವೂ ಹಿಡಿಯಲಿಲ್ಲ. ಮರುದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಸರ್, ನಿಮ್ ಕಿಸೇನೂ ನೋಡ್ತಾರೇನ್ರೀ?"

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಮನೆವರೆಗೂ ನನ್ನ ಜೊತೆ ಬಂತು. ಎಸ್ಸೆಸ್ಸಿ ಪರೀಕ್ಷೆ ಬಂತೆಂದರೆ ಪ್ರತಿ ವರ್ಷ ನಾನು ಇನ್ವಿಜಿಲೇಟರ್. ಎಷ್ಟು ಮಕ್ಕಳ ಕಿಸೆ ನೋಡಿದ್ದೇನೋ, ಎಷ್ಟು ಜ್ಯಾಮಿಟ್ರಿ ಬಾಕ್ಸ್ ತೆರೆಸಿದ್ದೇನೋ ಲೆಕ್ಕವಿಲ್ಲ. ಒಂದು ದಿನವೂ ಈ ಕಿಸೆ ನೋಡುವ ಪದ್ಧತಿ ಎಲ್ಲಿಂದ ಬಂತು, ಇದರಿಂದ ಕಳ್ಳತನ ನಿಂತಿತೇ ಅಂತ ಯೋಚಿಸಿರಲಿಲ್ಲ. ಈಗ ಓದಲು ಕೂತೆ. ಟೆಟ್‌ಗೆ ಓದಬೇಕಾದವನು ಟೆಟ್ ಬಿಟ್ಟು ಇದನ್ನು ಓದಿದ್ದೇನೆ, ಮನೆಯಲ್ಲಿ ಬೈಸಿಕೊಂಡೂ ಆಗಿದೆ! ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನನ್ನದೇ ಕಥೆ. ನಾನು ಟಿಸಿಎಚ್ ಮಾಡಿದ್ದು ಗಡಿಯ ಆಚೆ, ಕರ್ನಾಟಕದಲ್ಲಿ. ಕಾಲೇಜಿನ ಹೆಸರು ಬೇಡ. ಪರೀಕ್ಷೆಯ ದಿನ ಕಿಟಕಿ ಸರಳಿನಿಂದ ಚೀಟಿ ಬರುತ್ತಿತ್ತು. ಶಿಕ್ಷಣ ಮನೋವಿಜ್ಞಾನದ ಗೈಡನ್ನು ಹಾಳೆ ಹಾಳೆಯಾಗಿ ಹರಿದು ಸಾಕ್ಸಿನಲ್ಲಿ ಇಟ್ಟುಕೊಂಡವರಿದ್ದರು. ಸ್ಕ್ವಾಡ್ ಜೀಪು ಬರುವ ಸುದ್ದಿ ಜೀಪಿಗಿಂತ ಮೊದಲೇ ಬರುತ್ತಿತ್ತು. ಆಗ ಐದು ನಿಮಿಷ ಎಲ್ಲರೂ ಸಾಧುಗಳು. ನಾನು ಚೀಟಿ ತರಲಿಲ್ಲ, ಆದರೆ ಮುಂದಿನವನ ಪೇಪರ್ ಒಮ್ಮೆಯೂ ನೋಡಲಿಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. "ಮಕ್ಕಳಲ್ಲಿ ಪ್ರಾಮಾಣಿಕತೆ ಬೆಳೆಸುವ ಬಗೆ" ಎಂಬ ಪ್ರಶ್ನೆಗೆ ನನ್ನ ಪಕ್ಕದವನು ಚೀಟಿ ನೋಡಿ ಉತ್ತರ ಬರೆದದ್ದು ಇವತ್ತಿಗೂ ನೆನಪಿದೆ. ಅವನು ಒಳ್ಳೆಯ ಮೇಷ್ಟ್ರಾದನು ಅಂತ ಕೇಳಿದ್ದೇನೆ. ಮನುಷ್ಯ ವಿಚಿತ್ರ.

ಇರಲಿ, ಈಗ ಬಹಳ ದೂರ, ಬಹಳ ಹಿಂದಕ್ಕೆ ಹೋಗೋಣ. ಪರೀಕ್ಷೆ ಬರೆದು ಸರಕಾರಿ ಹುದ್ದೆ ಪಡೆಯುವ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದವರು ಚೀನೀಯರು. ಏಳನೇ ಶತಮಾನದ ಆರಂಭದಲ್ಲಿ ಸುಯಿ ವಂಶದ ಕಾಲಕ್ಕೆ ಬೇರು ಬಿಟ್ಟ ಈ ಪದ್ಧತಿ 1905ರವರೆಗೆ ನಡೆಯಿತು. ಸಾವಿರದ ಮುನ್ನೂರು ವರ್ಷ! ಕಾಪಿ ಹೊಡೆಯುವ ಕಲೆಯೂ ಅಷ್ಟೇ ಹಳೆಯದು. ಒಳ ಅಂಗಿಯ ರೇಷ್ಮೆ ಬಟ್ಟೆಯ ಮೇಲೆ ಇರುವೆ ಸಾಲಿನಂತೆ ಅಕ್ಷರ ಬರೆದು ತೊಟ್ಟು ಬರುತ್ತಿದ್ದರು. ಅಂಥ ಅಂಗಿಗಳು ಇವತ್ತೂ ಮ್ಯೂಸಿಯಮ್ಮುಗಳಲ್ಲಿವೆ. ಆದ್ದರಿಂದ ಬಾಗಿಲಲ್ಲಿ ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಇಕ್ಕಟ್ಟಿನ ಗೂಡು. ನಾನ್‌ಜಿಂಗ್ ಪಟ್ಟಣದ ಪರೀಕ್ಷಾ ಭವನದಲ್ಲಿ ಅಂಥ ಗೂಡು ಇಪ್ಪತ್ತು ಸಾವಿರಕ್ಕೂ ಹೆಚ್ಚು ಇದ್ದವು.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ ಎರಡು ವಿಷಯ. ಸುಮಾರು ಸಾವಿರ ವರ್ಷದ ಹಿಂದೆ, ಸಾಂಗ್ ವಂಶದ ಕಾಲದಲ್ಲಿ, ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಕಾಗದ ಅಂಟಿಸಿ ಮುಚ್ಚತೊಡಗಿದರು. ಹೆಸರು ಮುಚ್ಚಿದರೂ ಕೈಬರಹದ ಗುರುತು ಸಿಗುತ್ತದಲ್ಲ? ಅದಕ್ಕೆ ಗುಮಾಸ್ತರನ್ನು ಕೂಡಿಸಿ ಪ್ರತಿ ಉತ್ತರಪತ್ರಿಕೆಯನ್ನೂ ಇನ್ನೊಮ್ಮೆ ನಕಲು ಮಾಡಿಸಿ, ಆ ನಕಲನ್ನು ಮಾತ್ರ ಪರೀಕ್ಷಕರಿಗೆ ಕೊಡುತ್ತಿದ್ದರು. ಮುಂದಿನ ಕಾಲದಲ್ಲಿ ಅಭ್ಯರ್ಥಿ ಬರೆದದ್ದು ಕಪ್ಪು ಶಾಯಿಯಲ್ಲಿ, ಗುಮಾಸ್ತನ ನಕಲು ಕೆಂಪು ಶಾಯಿಯಲ್ಲಿ. ಇದರ ಅರ್ಥವೇನು? ಬಟ್ಟೆ ಬಿಚ್ಚಿಸಿದ್ದು ಅಭ್ಯರ್ಥಿಯ ಮೇಲಿನ ಸಂಶಯಕ್ಕೆ. ಹೆಸರು ಮುಚ್ಚಿದ್ದು, ಮರುನಕಲು ಮಾಡಿಸಿದ್ದು ಪರೀಕ್ಷಕನ ಮೇಲಿನ ಸಂಶಯಕ್ಕೆ. ಬೇಲಿಯನ್ನೂ ಕಾಯಬೇಕು ಅಂತ ಅವರಿಗೆ ಗೊತ್ತಿತ್ತು. ಆದರೂ ಬೇಲಿ ಹೊಲ ಮೇಯಿತು. 1858ರಲ್ಲಿ ಬೀಜಿಂಗ್ ಪ್ರಾಂತದ ಪರೀಕ್ಷೆಯ ಮುಖ್ಯ ಪರೀಕ್ಷಕನೇ ತನ್ನ ಸೇವಕನ ಮಾತು ಕೇಳಿ ಪಾಸಾದವರ ಪಟ್ಟಿಯಲ್ಲಿ ಒಂದು ಉತ್ತರಪತ್ರಿಕೆ ತೆಗೆದು ಇನ್ನೊಂದನ್ನು ಇಟ್ಟ. ಬೋಜುನ್ ಅಂತ ಅವನ ಹೆಸರು, ಮಂತ್ರಿ ದರ್ಜೆಯವನು. ಮರುವರ್ಷ ಅವನ ತಲೆ ಹೋಯಿತು.

ಅದೇ ಕಾಲಕ್ಕೆ, 1855ರಲ್ಲಿ, ಇಂಗ್ಲಿಷರು ಇಂಡಿಯನ್ ಸಿವಿಲ್ ಸರ್ವೀಸಿಗೆ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ಶುರು ಮಾಡಿದರು. ಅದಕ್ಕೆ ಮುಂಚೆ ಕಂಪನಿಯ ಡೈರೆಕ್ಟರುಗಳ ಶಿಫಾರಸೇ ಅರ್ಹತೆ. ಮೈಸೂರು ಸಂಸ್ಥಾನದಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ 1891ರಲ್ಲಿ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ ಬಂತು. ಮೇಷ್ಟ್ರ ನೌಕರಿಗೆ ಮುಂಬಯಿ ಕರ್ನಾಟಕದ ಕಡೆ ಮುಲ್ಕಿ ಪರೀಕ್ಷೆ ಇತ್ತು, ಏಳನೇ ಇಯತ್ತೆಯ ಪರೀಕ್ಷೆ. ಮುಲ್ಕಿ ಪಾಸಾದವನು ಊರಿಗೆ ಮಾಸ್ತರ. ಹಳೆಯ ಲೇಖಕರ ಜೀವನ ಚರಿತ್ರೆ ತೆರೆದರೆ ಈ ಮಾತು ಮತ್ತೆ ಮತ್ತೆ ಸಿಗುತ್ತದೆ. ನಮ್ಮ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಗ ನಿಜಾಮರ ರಾಜ್ಯದಲ್ಲಿ, ರಾಯಚೂರು ಜಿಲ್ಲೆಯಲ್ಲಿ. 1956ರಲ್ಲಿ ರಾಯಚೂರು ಆ ಕಡೆ ಹೋಯಿತು, ನಾವು ಮಹಬೂಬ್‌ನಗರಕ್ಕೆ ಬಂದೆವು. ಆದ್ದರಿಂದಲೇ ಇಟಿಕ್ಯಾಲದ ಕಡೆಯ ನನ್ನಂಥವನು ಟಿಸಿಎಚ್‌ಗೆ ಗಡಿ ದಾಟಿ ಹೋದದ್ದು.

ಹಳೆಯ ಪರೀಕ್ಷೆಗಳಲ್ಲಿ ಬರೆಯುವವರು ಕಡಿಮೆ, ಉತ್ತರ ಉದ್ದ. ಹುದ್ದೆ ನೂರು, ಅರ್ಜಿ ಲಕ್ಷ ಆದಾಗ ಓಎಂಆರ್ ಬಂತು. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಶುರುವಾದ ಮೇಲೆ ಸರಿಯುತ್ತರ ಆರಿಸುವ ಪರೀಕ್ಷೆ ಹಳ್ಳಿ ಹುಡುಗರಿಗೂ ಪರಿಚಯವಾಯಿತು. ದುಂಡು ಗುಂಡಿಯನ್ನು ಪೆನ್ನಿನಿಂದ ತುಂಬಿದರೆ ಯಂತ್ರ ಓದುತ್ತದೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ, ಲಂಚ ಗೊತ್ತಿಲ್ಲ ಅಂತ ನಾವೆಲ್ಲ ಸಂತೋಷಪಟ್ಟೆವು. ಆದರೆ ಒಂದು ಸೂಕ್ಷ್ಮ ಇದೆ. ಪ್ರಬಂಧ ಬರೆಯದೆ ಬಿಟ್ಟ ಖಾಲಿ ಹಾಳೆಯನ್ನು ಆಮೇಲೆ ಯಾರೋ ತುಂಬಿದರೆ ಕೈಬರಹ ಹೇಳುತ್ತದೆ. ಖಾಲಿ ಬಿಟ್ಟ ಗುಂಡಿಯನ್ನು ಆಮೇಲೆ ಯಾರು ತುಂಬಿದರೂ ಅದು ಗುಂಡಿಯೇ. ಚೀನೀಯರು ಗುಮಾಸ್ತರನ್ನಿಟ್ಟು ಕೈಬರಹ ಅಳಿಸಿದರು, ನಾವು ಕೈಬರಹವೇ ಇಲ್ಲದಂತೆ ಮಾಡಿಕೊಂಡೆವು. ಇದಕ್ಕೆ ಮದ್ದಾಗಿ ಬಂದದ್ದು ಓಎಂಆರ್ ಹಾಳೆಯ ಕೆಳಗಿನ ಕಾರ್ಬನ್ ಪ್ರತಿ. ಮೇಲಿನದು ಸರಕಾರಕ್ಕೆ, ಕೆಳಗಿನದು ಅಭ್ಯರ್ಥಿಗೆ.

ಆ ಕೆಳಗಿನ ಹಾಳೆ ಏನು ಮಾಡಬಲ್ಲದು ಅನ್ನುವುದನ್ನು ಕಲಬುರಗಿ ತೋರಿಸಿತು.

2021ರ ಅಕ್ಟೋಬರ್ 3ರಂದು ಕರ್ನಾಟಕದಲ್ಲಿ 545 ಪಿಎಸ್‌ಐ ಹುದ್ದೆಗೆ ಲಿಖಿತ ಪರೀಕ್ಷೆ ನಡೆಯಿತು. 92 ಕೇಂದ್ರ, ಸುಮಾರು 54 ಸಾವಿರ ಅಭ್ಯರ್ಥಿಗಳು. 2022ರ ಜನವರಿಯಲ್ಲಿ ಆಯ್ಕೆ ಪಟ್ಟಿ ಬಂತು. ಪಟ್ಟಿ ಬಂದ ಮೇಲೆ ಗುಸುಗುಸು. ಎರಡನೇ ಪತ್ರಿಕೆಯಲ್ಲಿ 100 ಪ್ರಶ್ನೆ, ಪ್ರಶ್ನೆಗೆ ಒಂದೂವರೆ ಅಂಕ, ಒಟ್ಟು 150. ಕಲಬುರಗಿಯ ಒಂದು ಖಾಸಗಿ ಶಾಲೆಯ ಕೇಂದ್ರದಲ್ಲಿ ಬರೆದ ಒಬ್ಬ ಅಭ್ಯರ್ಥಿಯ ಕಾರ್ಬನ್ ಪ್ರತಿಯಲ್ಲಿ ತುಂಬಿದ್ದ ಗುಂಡಿಗಳು ಇಪ್ಪತ್ತರ ಆಸುಪಾಸು. ಬಂದ ಅಂಕ ನೂರರ ಮೇಲೆ. ಇದು ನಮ್ಮ ನಾಲ್ಕನೇ ತರಗತಿ ಹುಡುಗನೂ ಮಾಡುವ ಲೆಕ್ಕ. ಇಪ್ಪತ್ತು ಪ್ರಶ್ನೆ ಎಲ್ಲ ಸರಿಯಾದರೂ ಮೂವತ್ತೇ ಅಂಕ.

2022ರ ಏಪ್ರಿಲ್‌ನಲ್ಲಿ ಸಿಐಡಿ ತನಿಖೆ ಶುರುವಾಯಿತು. ಅಸಲು ಓಎಂಆರ್ ಹಾಳೆಗಳನ್ನೂ ಅಭ್ಯರ್ಥಿಗಳ ಬಳಿ ಇದ್ದ ಕಾರ್ಬನ್ ಪ್ರತಿಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಅದೇ ತಿಂಗಳ 29ಕ್ಕೆ ಸರಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ತನಿಖೆಯಲ್ಲಿ ಎರಡು ದಾರಿ ಕಂಡವು ಅಂತ ಸಿಐಡಿ ಹೇಳಿತು. ಒಂದು ಬ್ಲೂಟೂತ್, ಅದು ಹೊರಗಿನಿಂದ. ಇನ್ನೊಂದು, ಪರೀಕ್ಷೆ ಮುಗಿದ ಮೇಲೆ ಗುಂಡಿ ತುಂಬುವುದು, ಅದು ಒಳಗಿನಿಂದ. ಕಲಬುರಗಿಯಲ್ಲಿ ಬಂಧನವಾದವರಲ್ಲಿ ಆ ಕೇಂದ್ರದ ಕೊಠಡಿ ಮೇಲ್ವಿಚಾರಕಿಯರು ಇದ್ದರು. ಅಂದರೆ ನಮ್ಮಂಥ ಪಾಠ ಹೇಳುವವರು. ಬೆಂಗಳೂರಿನಲ್ಲಿ ಪೊಲೀಸ್ ನೇಮಕಾತಿ ವಿಭಾಗದ ಸ್ಟ್ರಾಂಗ್ ರೂಮಿನಲ್ಲೇ ಹಾಳೆ ತಿದ್ದಿದ ಆರೋಪ ಬಂತು. 2022ರ ಜುಲೈ 4ರಂದು ಆ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ ಸಿಐಡಿ ಬಂಧಿಸಿತು. ಆರೋಪ ಸಾಬೀತಾಗುವುದು ಕೋರ್ಟಿಗೆ ಬಿಟ್ಟದ್ದು. ಆದರೆ ಬಾಗಿಲಲ್ಲಿ ಅಭ್ಯರ್ಥಿಯ ತೋಳು, ಕಿವಿ, ಬೂಟು ತಡಕಿದವರು ಯಾರೂ ಸ್ಟ್ರಾಂಗ್ ರೂಮಿನ ಕೀಲಿ ಇಟ್ಟುಕೊಂಡವರ ಕಿಸೆ ನೋಡಿರಲಿಲ್ಲ.

ಆಯ್ಕೆಯಾದವರಲ್ಲಿ ಹಲವರು ಕೋರ್ಟಿಗೆ ಹೋದರು. ನಾವು ಓದಿ ಬರೆದವರು, ತಪ್ಪು ಮಾಡಿದವರನ್ನು ಬೇರೆ ಮಾಡಿ, ನಮಗೆ ಯಾಕೆ ಶಿಕ್ಷೆ ಅಂತ. ಅವರ ಮಾತು ಸುಳ್ಳಲ್ಲ. ಆದರೂ 2023ರ ನವೆಂಬರ್ 10ರಂದು ಹೈಕೋರ್ಟು ಮರುಪರೀಕ್ಷೆಯನ್ನೇ ಎತ್ತಿ ಹಿಡಿಯಿತು. 2024ರ ಜನವರಿ 23ಕ್ಕೆ ಕೆಇಎ ಮರುಪರೀಕ್ಷೆ ನಡೆಸಿತು. ಎರಡು ವರ್ಷ ಮೂರು ತಿಂಗಳು. ಹಳ್ಳಿಯಿಂದ ಧಾರವಾಡಕ್ಕೋ ವಿಜಯಪುರಕ್ಕೋ ಹೋಗಿ, ಬಾಡಿಗೆ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು ಓದಿದ ಹುಡುಗರಿಗೆ ಅದು ಎಷ್ಟು ದೊಡ್ಡ ಕಾಲ ಅನ್ನುವುದು ಅಂಥ ಮನೆಯವರಿಗೆ ಗೊತ್ತು.

ನೀವು ಕೇಳಬಹುದು, ಇದು ಪೊಲೀಸರ ಪರೀಕ್ಷೆ, ಮೇಷ್ಟ್ರಿಗೇನು ಸಂಬಂಧ? ಮೇಷ್ಟ್ರ ಪರೀಕ್ಷೆಗಳಿಗೇ ಬರೋಣ. ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ, 2010ರ ಆಗಸ್ಟ್ 23ರ ಎನ್‌ಸಿಟಿಇ ಅಧಿಸೂಚನೆಯಿಂದ ಟೆಟ್ ಹುಟ್ಟಿತು. 150 ಪ್ರಶ್ನೆ, 150 ಅಂಕ, ಎರಡೂವರೆ ತಾಸು. ಅದು ನೌಕರಿ ಕೊಡುವುದಿಲ್ಲ, ನೌಕರಿಗೆ ಅರ್ಹ ಅಂತ ಪ್ರಮಾಣಪತ್ರ ಕೊಡುತ್ತದೆ. ಮೊದಲು ಪ್ರಮಾಣಪತ್ರಕ್ಕೆ ಏಳು ವರ್ಷದ ಆಯುಷ್ಯ, 2021ರಿಂದ ಜೀವಮಾನವಿಡೀ. ಒಮ್ಮೆ ಪಾಸಾದರೆ ಜೀವಮಾನ ನಡೆಯುವ ಕಾಗದಕ್ಕೆ ಬೆಲೆ ಎಷ್ಟಿರಬೇಡ!

ರಾಜಸ್ಥಾನದ ರೀಟ್ ಪರೀಕ್ಷೆ 2021ರ ಸೆಪ್ಟೆಂಬರ್ 26ರಂದು. ಕಾಪಿ ತಡೆಯಲು ಸರಕಾರ ಜಿಲ್ಲೆ ಜಿಲ್ಲೆಗಳಲ್ಲಿ ಇಂಟರ್ನೆಟ್ ನಿಲ್ಲಿಸಿತ್ತು. ಬಿಕಾನೇರಿನಲ್ಲಿ ಚಪ್ಪಲಿ ಅಟ್ಟೆಯೊಳಗೆ ಬ್ಲೂಟೂತ್ ಇಟ್ಟವರು ಸಿಕ್ಕಿಬಿದ್ದರು. ಆ ಚಪ್ಪಲಿ ಒಂದು ಜೊತೆಗೆ ಆರು ಲಕ್ಷ ರೂಪಾಯಿ ಅಂತ ಪತ್ರಿಕೆಗಳಲ್ಲಿ ಬಂತು. ದೇಶವೆಲ್ಲ ಚಪ್ಪಲಿಯ ಬಗ್ಗೆ ಮಾತಾಡಿ ನಕ್ಕಿತು. ಆದರೆ ಪ್ರಶ್ನೆಪತ್ರಿಕೆ ನಿಜವಾಗಿ ಹೋದದ್ದು ಚಪ್ಪಲಿಯಿಂದ ಅಲ್ಲ. ಜೈಪುರದ ಶಿಕ್ಷಣ ಇಲಾಖೆಯ ಕಚೇರಿ ಆವರಣದ ಸ್ಟ್ರಾಂಗ್ ರೂಮಿನಿಂದಲೇ ಕದ್ದಿದ್ದರು ಅಂತ ಪೊಲೀಸರು ಪತ್ತೆ ಮಾಡಿದರು. 2022ರ ಫೆಬ್ರುವರಿಯಲ್ಲಿ ಎರಡನೇ ಹಂತದ ಪರೀಕ್ಷೆ ರದ್ದಾಯಿತು. ಉತ್ತರ ಪ್ರದೇಶದಲ್ಲಿ 2021ರ ನವೆಂಬರ್ 28ರಂದು ಟೆಟ್ ಪ್ರಶ್ನೆಪತ್ರಿಕೆ ವಾಟ್ಸಾಪಿನಲ್ಲಿ ಓಡಾಡಿ, ಅದೇ ದಿನ ಪರೀಕ್ಷೆ ರದ್ದಾಯಿತು. ಮಹಾರಾಷ್ಟ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. 2020ರ ಜನವರಿಯಲ್ಲಿ ನಡೆದ ಟೆಟ್‌ನಲ್ಲಿ ಫೇಲಾದವರ ಅಂಕಗಳನ್ನು ಫಲಿತಾಂಶದ ಹಂತದಲ್ಲೇ ಬದಲಿಸಿದ್ದು 2021ರ ಕೊನೆಗೆ ಬೆಳಕಿಗೆ ಬಂತು. ಪರೀಕ್ಷಾ ಪರಿಷತ್ತಿನ ಆಯುಕ್ತರೇ ಬಂಧನವಾದರು. ಏಳು ಸಾವಿರದ ಎಂಟುನೂರಕ್ಕೂ ಹೆಚ್ಚು ಅಭ್ಯರ್ಥಿಗಳ ಮೇಲೆ ನಿಷೇಧ ಬಿತ್ತು. ಕರ್ನಾಟಕದಲ್ಲೂ 2022ರಲ್ಲಿ ಹಳೆಯ ನೇಮಕಾತಿಯೊಂದರ ಕಡತ ತೆರೆದಾಗ, ದಾರಿ ತಪ್ಪಿ ಒಳಗೆ ಬಂದು ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರನ್ನು ಸಿಐಡಿ ಬಂಧಿಸಿತು. ಅವರ ತರಗತಿಯ ಮಕ್ಕಳು ಆ ದಿನ ಏನು ತಿಳಿದುಕೊಂಡರೋ.

ಈಗ ಬಂಗಾಳದ ಮಾತು. ಓದುವಾಗ ನನಗೆ ಬಹಳ ಹೊತ್ತು ಪುಟ ತಿರುವಲು ಆಗಲಿಲ್ಲ. 2016ರ ಶಾಲಾ ನೇಮಕಾತಿ. ಬರೆದವರು ಇಪ್ಪತ್ತು ಲಕ್ಷಕ್ಕೂ ಮೇಲೆ. ಆಯ್ಕೆಯಲ್ಲಿ ಓಎಂಆರ್ ತಿದ್ದಿದ್ದು, ಖಾಲಿ ಹಾಳೆ ಕೊಟ್ಟವರಿಗೆ ಅಂಕ ಬಂದದ್ದು, ಪಟ್ಟಿಯಲ್ಲಿ ಇಲ್ಲದವರಿಗೆ ಆದೇಶ ಹೋದದ್ದು ಎಲ್ಲ ಕೋರ್ಟಿನ ಮುಂದೆ ಬಂತು. ಹಾಗಾದರೆ ಕಾಳು ಜೊಳ್ಳು ತೂರಿ ಬೇರೆ ಮಾಡಿ ಅಂದರೆ, ತೂರುವುದಕ್ಕೆ ಮೊರವೇ ಇರಲಿಲ್ಲ. ಅಸಲು ಓಎಂಆರ್ ಹಾಳೆಗಳನ್ನು ಆಯೋಗವೇ ನಾಶ ಮಾಡಿತ್ತು. ಸಿಕ್ಕದ್ದು ಗಾಜಿಯಾಬಾದಿನಲ್ಲಿ ಸಿಬಿಐ ವಶಪಡಿಸಿಕೊಂಡ ಹಾರ್ಡ್ ಡಿಸ್ಕುಗಳಲ್ಲಿನ ದಾಖಲೆ ಮಾತ್ರ. 2024ರ ಏಪ್ರಿಲ್ 22ರಂದು ಕಲ್ಕತ್ತಾ ಹೈಕೋರ್ಟು ಇಡೀ ನೇಮಕಾತಿ ರದ್ದು ಮಾಡಿತು. 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಹೋದ ನೌಕರಿಗಳು 25,753. ಅದರಲ್ಲಿ ಒಂದು ಪೈಸೆ ಲಂಚ ಕೊಡದೆ, ಓದಿ ಬರೆದು ಬಂದ ಸಾವಿರಾರು ಮೇಷ್ಟ್ರುಗಳೂ ಇದ್ದರು. ಮನೆ ಸಾಲ ತೆಗೆದವರು, ಮಕ್ಕಳಿಗೆ ಹೆಸರಿಟ್ಟವರು, ವರ್ಷಗಟ್ಟಲೆ ಪಾಠ ಹೇಳಿ ಊರಿನವರೇ ಆಗಿಹೋದವರು. ಅದೇ ತಿಂಗಳ 17ರಂದು ಕೋರ್ಟು ಸ್ವಲ್ಪ ದಯೆ ತೋರಿ, ಕಳಂಕ ಅಂಟದ ಶಿಕ್ಷಕರು ಹೊಸ ನೇಮಕಾತಿ ಆಗುವವರೆಗೆ ಪಾಠ ಹೇಳಬಹುದು ಅಂದಿತು. ಶಿಕ್ಷಕೇತರ ಗುಮಾಸ್ತರು, ಅಟೆಂಡರುಗಳಿಗೆ ಅದೂ ಸಿಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಪರೀಕ್ಷೆ ನಡೆದಾಗ ಆಯೋಗ ಅಭ್ಯರ್ಥಿಗಳಿಗೆ ಓಎಂಆರ್‌ನ ಕಾರ್ಬನ್ ಪ್ರತಿ ಕೊಟ್ಟಿತು.

ಕಲಬುರಗಿಯನ್ನೂ ಕೋಲ್ಕತ್ತವನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡೂ ಕಡೆ ಪರೀಕ್ಷೆ ರದ್ದಾಯಿತು, ಎರಡೂ ಕಡೆ ನಿರಪರಾಧಿಗಳು ನೊಂದರು. ಆದರೆ ಒಂದು ಕಡೆ ಅಭ್ಯರ್ಥಿಯ ಕೈಯಲ್ಲಿ ಉಳಿದ ಹಾಳೆಯಿಂದ ಕಳ್ಳತನ ಮೂರ್ನಾಲ್ಕು ತಿಂಗಳಲ್ಲಿ ಹೊರಬಿತ್ತು, ಯಾರಿಗೂ ನೇಮಕಾತಿ ಆದೇಶ ಹೋಗುವ ಮೊದಲೇ. ಇನ್ನೊಂದು ಕಡೆ ಒಂಬತ್ತು ವರ್ಷ ಎಳೆಯಿತು. ಈ ವಿಷಯದಲ್ಲಿ 2011ರ ಆಗಸ್ಟ್ 9ರ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಎಲ್ಲ ಪೋಷಕರಿಗೂ ಗೊತ್ತಿರಬೇಕು. ಮೌಲ್ಯಮಾಪನ ಆದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ನೋಡುವ ಅಧಿಕಾರ ಅಭ್ಯರ್ಥಿಗೆ ಇದೆ ಅಂತ ಅದು ಹೇಳಿತು.

ನಮ್ಮ ತೆಲಂಗಾಣದ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ರಾಜ್ಯ ಬಂದ ಮೇಲೆ ಮೊದಲ ಗ್ರೂಪ್-1, 503 ಹುದ್ದೆ, 2022ರ ಅಕ್ಟೋಬರ್ 16ರಂದು ಪ್ರಿಲಿಮ್ಸ್. 2023ರ ಮಾರ್ಚ್‌ನಲ್ಲಿ ಆಯೋಗದ ಗೌಪ್ಯ ವಿಭಾಗದ ಕಂಪ್ಯೂಟರಿನಿಂದ ಪ್ರಶ್ನೆಪತ್ರಿಕೆಗಳು ಸೋರಿದ್ದು ಹೊರಬಂತು. ಆರೋಪಿಗಳಲ್ಲಿ ಆಯೋಗದ ನೌಕರರೇ ಇದ್ದರು. ಪ್ರಿಲಿಮ್ಸ್ ರದ್ದು. ಜೂನ್ 11ಕ್ಕೆ ಮತ್ತೆ ನಡೆಸಿದರು. ಆ ಸಲ ಬಯೋಮೆಟ್ರಿಕ್ ಹಾಜರಿ ತೆಗೆದುಕೊಳ್ಳಲಿಲ್ಲ ಅಂತ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನೂ ರದ್ದು ಮಾಡಿತು. 2024ರ ಜೂನ್ 9ರಂದು ಮೂರನೇ ಸಲ. ಅಷ್ಟರಲ್ಲಿ ಕೆಲವರ ವಯಸ್ಸು, ಕೆಲವರ ಹಣ, ಕೆಲವರ ಮನಸ್ಸು ಮುಗಿದಿತ್ತು. 2023ರ ಏಪ್ರಿಲ್ 3ರಂದು ನಮ್ಮ ಗಡಿಯ ತಾಂಡೂರಿನಲ್ಲಿ ಎಸ್ಸೆಸ್ಸಿ ತೆಲುಗು ಪ್ರಶ್ನೆಪತ್ರಿಕೆ ಪರೀಕ್ಷೆ ಶುರುವಾದ ಕೆಲವೇ ನಿಮಿಷದಲ್ಲಿ ವಾಟ್ಸಾಪಿಗೆ ಹೋಯಿತು. ಫೋಟೋ ತೆಗೆದ ಆರೋಪ ಬಂದದ್ದು ಯಾವ ವಿದ್ಯಾರ್ಥಿಯ ಮೇಲೂ ಅಲ್ಲ, ಒಬ್ಬ ಮೇಷ್ಟ್ರ ಮೇಲೆ. ಆ ವಾರ ಊರಿನಲ್ಲಿ ಚಹಾ ಅಂಗಡಿಗೆ ಹೋಗಲು ನನಗೇ ನಾಚಿಕೆ ಆಗುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ನಾವು ಏನನ್ನು ಬಿಗಿ ಮಾಡಿದೆವು? ಮತ್ತೆ ಕಿಸೆಯನ್ನೇ. 2015ರಲ್ಲಿ ಎಐಪಿಎಂಟಿ ವೈದ್ಯಕೀಯ ಪರೀಕ್ಷೆಯಲ್ಲಿ ಬನಿಯನ್ನಿಗೆ ಸಿಮ್ ಹೊಲಿದು ತಂದವರು ಸಿಕ್ಕರು. ಸುಪ್ರೀಂ ಕೋರ್ಟು ಜೂನ್ 15ಕ್ಕೆ ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ಪರೀಕ್ಷೆ ರದ್ದು ಮಾಡಿತು. ಅಲ್ಲಿಂದ ತುಂಬು ತೋಳು ಬೇಡ, ಬೂಟು ಬೇಡ, ದೊಡ್ಡ ಗುಂಡಿ ಬೇಡ. 2019ರ ಅಕ್ಟೋಬರಿನಲ್ಲಿ ಹಾವೇರಿಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಮಕ್ಕಳ ತಲೆಗೆ ರಟ್ಟಿನ ಡಬ್ಬಿ ತೊಡಿಸಿ ಪರೀಕ್ಷೆ ಬರೆಸಿದರು. ಮುಂದೆ ಮಾತ್ರ ಕಿಂಡಿ. ಹೊಲದಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದು ನೋಡಿದ್ದೆ, ಮನುಷ್ಯರ ತಲೆಗೆ ಡಬ್ಬಿ ನೋಡಿದ್ದು ಅದೇ ಮೊದಲು. ಇಲಾಖೆಯವರು ಹೋಗಿ ನಿಲ್ಲಿಸಿ ನೋಟಿಸ್ ಕೊಟ್ಟರು. 2023ರ ನವೆಂಬರಿನಲ್ಲಿ ಕಲಬುರಗಿಯ ಕೇಂದ್ರವೊಂದರಲ್ಲಿ ಅಭ್ಯರ್ಥಿಗೆ ತಾಳಿ ತೆಗೆಯಲು ಹೇಳಿದ್ದು ಗಲಾಟೆಯಾಗಿ, ಮುಂದಿನ ಪರೀಕ್ಷೆಗೆ ತಾಳಿ, ಕಾಲುಂಗುರ ಇರಲಿ ಅಂತ ಕೆಇಎ ತಿಳಿಸಿತು. 2025ರ ಏಪ್ರಿಲ್‌ನ ಸಿಇಟಿಯಲ್ಲಿ ಶಿವಮೊಗ್ಗ, ಬೀದರಿನಲ್ಲಿ ಜನಿವಾರದ ಗಲಾಟೆ. ತಪಾಸಣೆ ಬೇಡ ಅಂತ ನಾನು ಹೇಳುವುದಿಲ್ಲ. 2023ರ ಅಕ್ಟೋಬರ್ 28ರ ಕೆಇಎ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಬ್ಲೂಟೂತ್ ಹಿಡಿದದ್ದು ತಪಾಸಣೆಯಿಂದಲೇ. ಆದರೆ ತಾಳಿ ಮುಟ್ಟುವವರೆಗೆ ಹೋದ ನಮ್ಮ ಕೈ ಕೀಲಿ ಗೊಂಚಲಿನವರೆಗೆ ಯಾಕೆ ಹೋಗುವುದಿಲ್ಲ ಅನ್ನುವುದು ನನ್ನ ಪ್ರಶ್ನೆ.

ಹೋಗಿದ್ದೇ ಇಲ್ಲ ಅಂತಲೂ ಅಲ್ಲ. 2016ರ ಮಾರ್ಚ್‌ನಲ್ಲಿ ಕರ್ನಾಟಕದ ದ್ವಿತೀಯ ಪಿಯು ರಸಾಯನಶಾಸ್ತ್ರ ಪತ್ರಿಕೆ 21ಕ್ಕೆ ಒಮ್ಮೆ ಸೋರಿತು, 31ರ ಮರುಪರೀಕ್ಷೆಯದು ಮತ್ತೆ ಸೋರಿತು, ಕೊನೆಗೆ ಏಪ್ರಿಲ್ 12ಕ್ಕೆ ನಡೆಯಿತು. ಆ ಪೆಟ್ಟಿನ ಮೇಲೆ ಪ್ರಶ್ನೆಪತ್ರಿಕೆ ಖಜಾನೆಯಲ್ಲಿ ಇರುವಾಗ, ದಾರಿಯಲ್ಲಿ ಸಾಗುವಾಗ ಕಣ್ಣಿಡುವ 'ಕರ್ನಾಟಕ ಸುರಕ್ಷಿತ ಪರೀಕ್ಷಾ ವ್ಯವಸ್ಥೆ' ಬಂತು. ಅದು ಮಕ್ಕಳನ್ನಲ್ಲ, ಪೆಟ್ಟಿಗೆಯನ್ನು ಕಾಯುವ ವ್ಯವಸ್ಥೆ. ಕಾನೂನುಗಳೂ ನಿಧಾನಕ್ಕೆ ಅದೇ ಕಡೆ ತಿರುಗಿವೆ. ನಮ್ಮಲ್ಲಿ ಅವಿಭಜಿತ ಆಂಧ್ರದ 1997ರ ಕಾಯ್ದೆ ಇದೆ. 2023ರ ಎಸ್ಸೆಸ್ಸಿ ಪ್ರಕರಣಗಳಲ್ಲಿ ಅದನ್ನೇ ಹಚ್ಚಿದರು. ಕರ್ನಾಟಕ 2023ರಲ್ಲಿ ನೇಮಕಾತಿ ಪರೀಕ್ಷೆಗಳಿಗೆ ಪ್ರತ್ಯೇಕ ಕಾಯ್ದೆ ಮಾಡಿತು, ದಂಡ 10 ಕೋಟಿ ರೂಪಾಯಿವರೆಗೆ. ಕೇಂದ್ರದ ಕಾಯ್ದೆ 2024ರ ಜೂನ್ 21ರಂದು ಜಾರಿಗೆ ಬಂತು, ನೀಟ್ ಗಲಾಟೆ ಎದ್ದಿದ್ದ ದಿನಗಳಲ್ಲಿ. ಅದರಲ್ಲಿ 15 ಬಗೆಯ ಅಕ್ರಮಗಳ ಪಟ್ಟಿ ಇದೆ. ಓಎಂಆರ್ ತಿದ್ದುವುದೂ ಅದರಲ್ಲಿದೆ. ಸಂಘಟಿತ ಅಪರಾಧಕ್ಕೆ 5ರಿಂದ 10 ವರ್ಷ ಜೈಲು, ಕನಿಷ್ಠ 1 ಕೋಟಿ ದಂಡ. ನನಗೆ ಹಿಡಿಸಿದ್ದು ಇದು: ಆ ಕಾಯ್ದೆ ಅಭ್ಯರ್ಥಿಯನ್ನು ಜೈಲಿಗೆ ಹಾಕುವುದಕ್ಕಲ್ಲ. ಅವನ ತಪ್ಪಿಗೆ ಪರೀಕ್ಷಾ ಮಂಡಳಿಯ ನಿಯಮಗಳೇ ಇವೆ. ಹಿಡಿಯಬೇಕಾದದ್ದು ನಡೆಸುವವರನ್ನು, ಮಾರುವವರನ್ನು. ಆದರೆ ರಾಜ್ಯಗಳ ಟೆಟ್‌ಗೆ, ಡಿಎಸ್‌ಸಿಗೆ ಅದು ಅನ್ವಯಿಸುವುದಿಲ್ಲ.

ಈಗ ಟೆಟ್ ಕಂಪ್ಯೂಟರಿನ ಮೇಲೆ. 2024ರಿಂದ ನಮ್ಮಲ್ಲಿ ಹಾಗೆಯೇ. ಕಾಗದವೇ ಇಲ್ಲದ ಮೇಲೆ ಸೋರುವುದೇನು ಅಂತ ಕೇಳುವವರಿದ್ದಾರೆ. 2021ರ ಜೆಇಇ ಮೇನ್ಸ್‌ನಲ್ಲಿ ಹರಿಯಾಣದ ಕೇಂದ್ರದ ಕಂಪ್ಯೂಟರನ್ನು ಬೇರೆ ಕಡೆ ಕುಳಿತು ನಡೆಸಿದ ಆರೋಪದಲ್ಲಿ ಸಿಬಿಐ 2022ರಲ್ಲಿ ಒಬ್ಬ ರಷ್ಯನ್ ಪ್ರಜೆಯನ್ನು ಬಂಧಿಸಿತು. ಕಾಗದದ ಸ್ಟ್ರಾಂಗ್ ರೂಮಿಗೆ ಕಬ್ಬಿಣದ ಬಾಗಿಲಾದರೂ ಕಾಣುತ್ತಿತ್ತು.

ನಮ್ಮ ಕನ್ನಡ ಮಾಧ್ಯಮದವರಿಗೆ ಇದು ಇನ್ನೂ ಹತ್ತಿರದ ಮಾತು. ಟೆಟ್‌ನಲ್ಲಿ ಮೊದಲ ಭಾಷೆಯಾಗಿ ಕನ್ನಡ ಆರಿಸುವ ಅವಕಾಶ ಇದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದು ಬಂದಾಗ, ಇಡೀ ಕೋಣೆಯಲ್ಲಿ ಕನ್ನಡ ತೆಗೆದುಕೊಂಡವಳು ತಾನೊಬ್ಬಳೇ ಅಂದಳು. ತೆಲುಗು ಮಾಧ್ಯಮದಲ್ಲಿ ಒಂದು ಹುದ್ದೆ ಕಳ್ಳರ ಪಾಲಾದರೆ ನೂರರಲ್ಲಿ ಒಂದು ಹೋಯಿತು. ಡಿಎಸ್‌ಸಿಯಲ್ಲಿ ಕನ್ನಡಕ್ಕೆ ಒಂದೋ ಎರಡೋ ಹುದ್ದೆ ಬಂದರೆ, ಅದರಲ್ಲಿ ಒಂದು ಹೋದರೆ ಉಳಿಯುವುದೇನು? ಆ ಹುದ್ದೆಯ ಹಿಂದೆ ಒಂದು ಶಾಲೆ ಇರುತ್ತದೆ. ಕನ್ನಡ ಸರಿಯಾಗಿ ಬಾರದವನು ಕನ್ನಡದ ಪ್ರಮಾಣಪತ್ರ ಕೊಂಡು ಬಂದು ಕುಳಿತರೆ, ಮೂವತ್ತು ವರ್ಷ ಕುಳಿತಿರುತ್ತಾನೆ. ಅಷ್ಟರಲ್ಲಿ ಆ ಊರಿನ ಕನ್ನಡ ಶಾಲೆ ಮುಚ್ಚಿರುತ್ತದೆ.

ನಾನು ಅರ್ಜಿ ಹಾಕಿದ್ದೇನೆ. ಆ ಹಳೆಯ ವಿದ್ಯಾರ್ಥಿನಿಯೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಹಾಕಿದ್ದಾಳೆ. ಕೇಂದ್ರ ಒಂದೇ ಬಂದರೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಬೇಕು ಅಂತ ಮಾತಾಡಿಕೊಂಡಿದ್ದೇವೆ. ಪರೀಕ್ಷೆ ಆದ ಮೇಲೆ ಕೀ ಜೊತೆಗೆ ನಾವು ಒತ್ತಿದ ಉತ್ತರಗಳ ರೆಸ್ಪಾನ್ಸ್ ಶೀಟ್ ವೆಬ್‌ಸೈಟಿನಲ್ಲಿ ಬರುತ್ತದೆ. ಅದೇ ಈಗಿನ ಕಾಲದ ಕಾರ್ಬನ್ ಪ್ರತಿ. ಅದನ್ನು ಇಳಿಸಿಕೊಂಡು, ಪ್ರಿಂಟ್ ತೆಗೆದು, ಹಾಲ್ ಟಿಕೆಟ್ ಜೊತೆ ಪಿನ್ ಮಾಡಿ ಇಡಬೇಕು ಅಂತ ಅವಳಿಗೆ ಹೇಳಿದ್ದೇನೆ. ಅವಳು ಹೋದ ಸಲದ್ದನ್ನೂ ಇಟ್ಟುಕೊಂಡಿದ್ದಾಳಂತೆ, ನನಗಿಂತ ಜಾಣೆ.

ಏಳನೇ ತರಗತಿಯ ಹುಡುಗಿಗೆ ಮರುದಿನ ಉತ್ತರ ಕೊಟ್ಟೆ. "ನೋಡ್ತಾರಮ್ಮ, ನನ್ನ ಕಿಸೇನೂ ನೋಡ್ತಾರೆ" ಅಂದೆ. ಅವಳು ಸ್ವಲ್ಪ ಯೋಚಿಸಿ, "ಮತ್ತ ಅವರ ಕಿಸೆ ಯಾರ್ ನೋಡ್ತಾರ್ರೀ ಸರ್?" ಅಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.